ದೇಸಾಯಿ ಕಾಕಾ ಕೂರುತ್ತಿದ್ದ ಕೋಣೆ

ಹುಟ್ಟಿದಾಗಿನಿಂದ ಒಂದು ತೊಟ್ಟೂ ಮದ್ಯ ಮುಟ್ಟದ ದೇಸಾಯಿ ಕಾಕಾ ದಿನಾ ಸಂಜೆ ಟೈ ಕಟ್ಟಿಕೊಂಡು ಪಬ್ಬಿಗೆ ಹೋಗುತ್ತಿದ್ದರು. ಧಾರವಾಡದವರು, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾಗಿದ್ದರು. ತೊಂಬತ್ತರ ದಶಕದಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ಕ್ರೋಯ್ಡನ್ನಿನ ಅಂಚಿನಲ್ಲಿ ಅವರ ಮನೆಯಿತ್ತು. ಲಂಡನ್ ಬೆಳೆಬೆಳೆದು ನುಂಗಿಹಾಕಿದ್ದ ಹಳ್ಳಿಯೊಂದರ ಪಬ್ಬು ಅದು, ವಿಕ್ಟೋರಿಯಾ ರಾಣಿಯ ಕಾಲದ್ದು.

ಹೆಂಡತಿ ತೀರಿಕೊಂಡ ಮೇಲೆ ಈ ಅಭ್ಯಾಸ ಶುರುವಾದ್ದರಿಂದ ನಮ್ಮ ಕನ್ನಡ ಮಂದಿ ತಮಗೆ ತೋಚಿದ ಅರ್ಥ ಕಟ್ಟಿದರು. ಸತ್ಯನಾರಾಯಣ ಪೂಜೆಗೆ ಕರೆಯುವುದನ್ನೂ ಬಿಟ್ಟರು. ಅವರ ಕೈಕೆಳಗೆ ಕೆಲಸ ಮಾಡಿದವನೆಂದು ಬುದ್ಧಿ ಹೇಳಲು ನನ್ನನ್ನು ಅಟ್ಟಿದರು.

ಹೋಗಿ ನೋಡಿದರೆ ಕಾಕಾನ ಮುಂದೆ ಕಿತ್ತಳೆ ರಸ. "ಬಾರೋ, ಈ ಕೋಣಿ ನೋಡು" ಅಂದರು. ಇಡೀ ಪಬ್ಬನ್ನು ಮರದ ಅಡ್ಡಗೋಡೆಗಳಿಂದ ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡಿಸಿದ್ದರು. ಒಂದೊಂದಕ್ಕೂ ಬೀದಿಯಿಂದಲೇ ಬೇರೆ ಬಾಗಿಲು. ಅಡ್ಡಗೋಡೆಯ ಮೇಲರ್ಧಕ್ಕೆ ಬಳ್ಳಿ ಕೆತ್ತಿದ ಮಬ್ಬುಗಾಜು. ಆಚೆಯವರ ಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕಾಕಾನ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು, ಹಸಿರು ಟೈಲ್ಸಿನ ಅಗ್ಗಿಷ್ಟಿಕೆ, ಅಷ್ಟೇ.

"ಮನ್ಯಾಗ ಕೂತ್ರ ಬರೇ ಫ್ರಿಜ್ಜಿನ ಸಪ್ಪಳ. ಇಲ್ಲೆ ನಾಲ್ಕ ಮಂದಿ ನಗೋದು ಕೇಳಸ್ತದ. ಒಬ್ಬರ ಯಾಕ ಕೂತೀರಿ ಅಂತ ಯಾರೂ ಕೇಳಂಗಿಲ್ಲ. ಕಟ್ಟಿದಾಂವ ಭಾಳ ಶಾಣ್ಯಾ ಇದ್ದ ನೋಡು."

ಬುದ್ಧಿ ಹೇಳಲು ಹೋದವನು ನಾನೂ ರಸ ಕುಡಿದು ಬಂದೆ. ನಮ್ಮವರಿಗೆ ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ನನ್ನನ್ನೂ ಕುಡುಕರ ಸಾಲಿಗೆ ಸೇರಿಸಿದರು.

ಕೆಲವು ವರ್ಷಗಳ ನಂತರ ಪಬ್ಬು ಬೇರೆಯವರ ಕೈ ಸೇರಿತು. ಅಡ್ಡಗೋಡೆಗಳನ್ನೆಲ್ಲ ಕಿತ್ತು ಒಂದೇ ಹಾಲ್ ಮಾಡುತ್ತೇನೆಂದು ಹೊಸ ಮಾಲೀಕ ಹೊರಟ. ಯಾರೆದುರೂ ದನಿ ಎತ್ತದ ಕಾಕಾ, ಹಳೆಯ ಕಟ್ಟಡ ಬದಲಿಸಲು ಅನುಮತಿ ಕೊಡುವ ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತರು. ಗಾಜಿನ ಕೆತ್ತನೆ, ಮರದ ಕೆಲಸ, ಬಾಗಿಲುಗಳ ಜೋಡಣೆ ಎಲ್ಲವನ್ನೂ ವಿವರಿಸಿದರು. ಆ ಕೋಣೆ ತಮಗೇಕೆ ಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಹೊರಗೋಡೆ ಉಳಿದರೆ ಸಾಕೆಂದು ಸಭೆ ಮಾಲೀಕನಿಗೆ ಒಪ್ಪಿಗೆ ಕೊಟ್ಟಿತು. ವಾಪಸು ಬರುವಾಗ ಟ್ರ್ಯಾಮಿನಲ್ಲಿ, "ಆ ಕೋಣೆ ನಿಮಗೆ ಯಾಕೆ ಬೇಕಂತಲೂ ಹೇಳಬೇಕಿತ್ತು ಕಾಕಾ" ಎಂದೆ. "ಅಷ್ಟ ಮಂದಿ ಮುಂದ ಹ್ಯಾಂಗ ಹೇಳ್ಲೋ?" ಎಂದು ಕಿಟಕಿಯ ಕಡೆ ತಿರುಗಿದರು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಆ ಹೊಸ ಹಾಲಿನಲ್ಲೇ. ಎಲ್ಲ ಕಡೆಯಿಂದಲೂ ಕಾಣುವ ನಟ್ಟನಡುವಿನ ಮೇಜಿನ ಮುಂದೆ ಕೂತಿದ್ದರು. ಅವರ ಮುಂದೆ ಎರಡು ಲೋಟ ರಸವಿತ್ತು. ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದೆ.

"ಯಾರೂ ಇಲ್ಲೋ," ಎಂದು ದನಿ ತಗ್ಗಿಸಿದರು. "ನೋಡಿದವರಿಗೆ ಯಾರೋ ಬರೋರ ಇದ್ದಾರ ಅನಸ್ಲಿ ಅಂತ ತಗೊಂಡೀನಿ."