ಬಾಟಲಿಗೆ ತುಂಬಿಸಿದ ನೀರು

ನಾನು ಓದಿದ್ದು ಏಳನೇ ಕ್ಲಾಸು. ನನ್ನ ತಂಗಿ ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದಿ, ಮುಂದೆ ಡಾಕ್ಟರಾಗಿ, ಈಗ ಚಿತ್ರದುರ್ಗದಲ್ಲಿ ಡಾಕ್ಟರಾಗುವ ಮಕ್ಕಳಿಗೆ ಪಾಠ ಹೇಳುತ್ತಾಳೆ. ನನ್ನನ್ನು ಕೊಟ್ಟಿದ್ದು ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆಗೆ. ಇಲ್ಲಿ ಬೋರಿನ ನೀರು ಕುಡಿದು ಬೆಳೆದವರಿಗೆ ಹಲ್ಲು ಕಂದಾಗುತ್ತದೆ, ನಡುವಯಸ್ಸಿಗೇ ಮಂಡಿ ಬಿಗಿಯುತ್ತದೆ. ನೀರಿನಲ್ಲಿರುವ ಫ್ಲೋರೈಡ್ ಎಷ್ಟು, ಹೆಂಗಸರ ಮಂಡಿನೋವಿಗೂ ಅದಕ್ಕೂ ನಂಟೆಷ್ಟು ಎಂದು ಊರೂರು, ಹಟ್ಟಿ ಹಟ್ಟಿ ತಿರುಗಿ ನೋಡಿ ಬರೆಯುವ ಕೆಲಸವನ್ನು ತಂಗಿ ಹಿಡಿದಳು. ಮನೆಗಳಿಂದ ಕುಡಿಯುವ ನೀರನ್ನು ಬಾಟಲಿಗೆ ತುಂಬಿಸಿ ತರುವುದು ನನ್ನ ಪಾಲಿಗೆ ಬಂತು.

"ಬೇರೆಯವ್ರು ಹೋದ್ರೆ ಬಾಗ್ಲಾಗೇ ನಿಲ್ಲಿಸ್ತಾರೆ. ನೀನಾದ್ರೆ ಒಲೆ ತಂಕ ಬಿಡ್ತಾರೆ ಕಣಕ್ಕ" ಎಂದಿದ್ದಳು. "ಅವ್ರು ದಿನಾ ಕುಡಿಯೋ ಗಡಿಗೆಯಿಂದ್ಲೇ ತುಂಬಿಸ್ಕ. ಅದೊಂದು ಮರೀಬ್ಯಾಡ."

ನಮ್ಮ ಸುತ್ತಿನ ಊರುಗಳಲ್ಲಿ ಹಾಗೇ ಮಾಡಿದೆ. ಎಲ್ಲರೂ ಗುರುತಿನವರು, ನಾನೇ ಗಡಿಗೆಗೆ ಲೋಟ ಹಾಕಿ ತುಂಬಿಸಿಕೊಂಡೆ. ಕೊನೆಗೆ ಉಳಿದದ್ದು ಆಂಧ್ರದ ಗಡಿಯಂಚಿನ ಒಂದು ಹಟ್ಟಿ. ಅಲ್ಲಿ ನಾನು ಹೊಸಬಳು. ಮೊದಲ ಮನೆಯ ಅಜ್ಜಿ ಚಾಪೆ ಹಾಸಿ ಕೂರಿಸಿತು. ಬಾಟಲಿ ಕೊಟ್ಟೆ. ಅಜ್ಜಿ ಗಡಿಗೆಯ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿದ್ದ ಫಿಲ್ಟರ್ ನೀರಿನ ಕ್ಯಾನನ್ನು ಬಗ್ಗಿಸಿತು. ಆ ನೀರನ್ನು ದೂರದ ಶುದ್ಧ ನೀರಿನ ಘಟಕದಿಂದ ಸೈಕಲ್ಲಿಗೆ ಕಟ್ಟಿಕೊಂಡು ತರಬೇಕು. ಮನೆಯವರು ಅದನ್ನು ಕುಡಿಯುವುದಿಲ್ಲ, ಬಂದವರಿಗೆಂದು ಇಟ್ಟಿರುತ್ತಾರೆ. ನಮ್ಮ ಮನೆಯಲ್ಲೂ ಹಾಗೇ.

"ನಂಗೊಂದು ಲೋಟ ಕೊಡು ಅಂದ್ರೆ ಕೈ ಬರಲ್ಲ, ಬಾಟ್ಲಿಗಾದ್ರೆ ಹೆಂಗ್ ಸುರೀತೀಯ ನೋಡು ಅತ್ತೆ" ಎಂದಳು ಸೊಸೆ.

"ನೀನೇನು ನೆಂಟ್ರವಳೇನೇ. ದುರ್ಗಕ್ಕೆ ಹೋಗೋ ನೀರು ಇದು. ಡಾಕ್ಟ್ರಮ್ಮನ ಮುಂದೆ ಈ ಉಪ್ಪುನೀರು ಇಟ್ರೆ ನಮ್ಮ ಹಟ್ಟಿ ಮರ್ವಾದೆ ಏನಾಗ್ಬೇಕು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಗಡಿಗೆಯದೇ ಬೇಕು ಎಂದು ಬಾಯಿ ತೆರೆದವಳು ಸುಮ್ಮನಾದೆ. ಒಳ್ಳೆಯದನ್ನು ಎತ್ತಿ ಕೊಡುವವರಿಗೆ ಬೇಡ, ನಿಮ್ಮ ಕೆಟ್ಟದ್ದನ್ನು ಕೊಡಿ ಎಂದು ಹೇಗೆ ಕೇಳುವುದು? ಮಿಕ್ಕ ಮನೆಗಳಲ್ಲೂ ಕ್ಯಾನೇ ಬಗ್ಗಿತು. ಸಂಜೆಯ ಬಸ್ಸಿನಲ್ಲಿ ಆ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

ತಂಗಿ ಎಲ್ಲವನ್ನೂ ಬರೆದು ಒಂದು ವೈದ್ಯಕೀಯ ಪತ್ರಿಕೆಗೆ ಕಳಿಸಿದಳು. ಕಳಿಸಿದ ಕೂಡಲೇ ಅಚ್ಚು ಹಾಕುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಮೊದಲು ಸಂಪಾದಕರು ನೋಡುತ್ತಾರೆ. ಅವರಿಗೆ ಸರಿ ಕಂಡರೆ ಅದೇ ವಿಷಯ ಬಲ್ಲ ಇಬ್ಬರಿಗೆ ಓದಲು ಕೊಡುತ್ತಾರೆ. ಬರೆದವರು ಯಾರೆಂದು ಅವರಿಗೆ ಹೇಳುವುದಿಲ್ಲ, ಓದಿದವರು ಯಾರೆಂದು ಇವಳಿಗೂ ಹೇಳುವುದಿಲ್ಲ. ಓದಿದ್ದಕ್ಕೆ ಅವರಿಗೆ ಕೂಲಿಯೂ ಇಲ್ಲ. ಅವರು ತಪ್ಪು ಹುಡುಕಿ, ಪ್ರಶ್ನೆ ಕೇಳಿ ಕಳಿಸುತ್ತಾರೆ. ಒಂದೊಂದಕ್ಕೂ ಉತ್ತರ ಬರೆದು, ತಿದ್ದಿ, ಮತ್ತೆ ಕಳಿಸಬೇಕು.

"ಹೆಣ್ಣು ಕೊಡೋ ಮುಂಚೆ ಗಂಡಿನ ಊರಾಗೆ ಗುಟ್ಟಾಗಿ ಇಬ್ರನ್ನ ವಿಚಾರಿಸ್ತೀವಲ್ಲ, ಹಂಗೆ" ಎಂದೆ.

"ಹಂಗೇ ಅಂದ್ಕ" ಎಂದು ತಂಗಿ ನಕ್ಕಳು.

ಕೆಲವು ತಿಂಗಳ ಮೇಲೆ ಅವಳ ಫೋನ್ ಬಂತು. ಹೊಲದಲ್ಲಿ ಶೇಂಗಾ ಬಿಡಿಸುತ್ತಿದ್ದೆ.

"ಅಕ್ಕ, ಓದಿದೋರಲ್ಲಿ ಒಬ್ರು ಒಂದು ಮಾತು ಕೇಳ್ಯಾರೆ. ಆ ಗಡಿ ಹಟ್ಟಿ ಹೆಂಗಸ್ರಿಗೆ ಎಲ್ರಂಗೇ ಮಂಡಿನೋವು ಐತೆ, ಹಲ್ಲು ಕಂದಾಗ್ಯಾವೆ, ನೀರು ಮಾತ್ರ ಚೆನ್ನಾಗೈತೆ. ಹೆಂಗೆ ಅಂತ. ನೀರು ತಂದೋರ್ಯಾರು, ಯಾವ ಪಾತ್ರೆಯಿಂದ ತಂದ್ರು ಅಂತ ಕೇಳ್ಯಾರೆ. ಗಡಿಗೆಯಿಂದ್ಲೇ ತಾನೇ?"

ಎಲ್ಲೋ ಕೂತ, ನಮ್ಮ ಕಡೆಯ ಹೆಸರನ್ನೂ ಕೇಳಿರದ ಒಬ್ಬರು ಆ ಅಜ್ಜಿಯ ಮನೆಯೊಳಗೆ ಬಂದು ಮೂಲೆಯ ಕ್ಯಾನನ್ನು ನೋಡಿ ಹೋದಂತೆ ಆಯಿತು. ತಂಗಿಯ ಜೊತೆ ಕೆಲಸ ಮಾಡುವವರೆಲ್ಲ ಓದಿದವರು. ಆ ಕೆಲಸದಲ್ಲಿ ನನಗೆಂದು ಇದ್ದ ಪಾಲು ಅದೊಂದೇ. ಅದನ್ನೂ ನೆಟ್ಟಗೆ ಮಾಡಲಿಲ್ಲ ಎನ್ನಲು ನಾಲಗೆ ಏಳಲಿಲ್ಲ.

"ಗಡಿಗೆಯಿಂದ್ಲೇ ಕಣೆ" ಎಂದೆ.

"ನಂಗೊತ್ತಿತ್ತು ಬಿಡು" ಎಂದಳು.

ಅವಳು ನನ್ನ ಮಾತನ್ನೇ ಉತ್ತರವಾಗಿ ಬರೆದಳು. ಆ ಹಟ್ಟಿಯ ನೋವಿಗೆ ನೀರಲ್ಲದೆ ಕೂಲಿಯ ದುಡಿತವೂ ಕಾರಣವಿರಬಹುದು ಎಂದು ಎರಡು ಸಾಲು ಸೇರಿಸಿದಳು. ಕೇಳಿದವರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಅವರು ಕಾಗದದ ಮೇಲಿದ್ದುದನ್ನು ನೋಡಬಲ್ಲರು, ನನ್ನ ಮುಖವನ್ನಲ್ಲ. ಲೇಖನ ಅಚ್ಚಾಯಿತು. ತಂಗಿ ಸಿಹಿ ತಂದಳು. ನನ್ನ ಪಾಲನ್ನು ಪಕ್ಕದ ಮನೆಯ ಮಕ್ಕಳಿಗೆ ಹಂಚಿಬಿಟ್ಟೆ.

ಆಮೇಲೆ ಸಂತೆಯಲ್ಲಿ ಆ ಅಜ್ಜಿಯ ಸೊಸೆ ಸಿಕ್ಕಳು. ಗೋಡೆ ಹಿಡಿದು ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಳು.

"ಹಟ್ಟಿಗೆ ಪೈಪ್‌ಲೈನ್ ಕೊಡ್ರಿ ಅಂದ್ರೆ, ನಿಮ್ಮ ನೀರು ಚೆನ್ನಾಗೈತಂತೆ, ಡಾಕ್ಟ್ರೇ ಬರೆದವ್ರೆ ಅಂತಾರೆ ಕಣಕ್ಕ ಪಂಚಾಯ್ತಿಯೋರು. ಬರೆದೋರು ನಿನ್ ತಂಗಿ ಅಲ್ಲ ತಾನೇ?"

ಮಾರನೇ ದಿನವೇ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ತಂಗಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಬಾಟ್ಲಿ ತಂದಾಗ ಹೇಳಿದ್ರೆ ಇನ್ನೊಂದ್ಸಲ ಹೋಗಿ ತರ್ತಿದ್ವಿ, ಅಷ್ಟೇ" ಎಂದಳು. "ಆದ್ರೆ ಅವ್ರು ಕೇಳಿದ್ರಲ್ಲಕ್ಕ. ಯಾರೋ ಏನೋ, ಪುಕ್ಕಟೆ ಕುಂತು ಓದಿ, ಸರಿಯಾದ ಜಾಗದಾಗೇ ಕೈ ಇಟ್ಟು ಕೇಳಿದ್ರಲ್ಲ. ನಾನು ಅವ್ರ ಮಾತು ಬಿಟ್ಟು ನಿನ್ನ ಮಾತು ನಂಬಿದೆ."

ಅವಳೇ ಪತ್ರಿಕೆಗೆ ಬರೆದು ಲೇಖನವನ್ನು ವಾಪಸು ಪಡೆದಳು. ಹಿಂಪಡೆಯಲಾಗಿದೆ ಎಂಬ ಮಾತು ಅವಳ ಹೆಸರಿನ ಜೊತೆಗೇ ನಿಂತಿತು. ನನ್ನ ಹೆಸರು ಎಲ್ಲೂ ಇರಲಿಲ್ಲ.

ಮೊನ್ನೆ, ಈ ವರ್ಷದ ಶೇಂಗಾ ಮುಗಿದ ಮೇಲೆ, ಅವಳು ಮತ್ತೆ ನೀರು ತುಂಬಿಸಲು ಆ ಹಟ್ಟಿಗೆ ಬಂದಳು. ಜೊತೆಗೆ ಕಾಲೇಜಿನ ಒಬ್ಬ ಹುಡುಗಿಯನ್ನು ಕರೆತಂದಿದ್ದಳು. ನನ್ನನ್ನು ಕರೆಯಲಿಲ್ಲ. ಹಿಂದಿರುಗುವಾಗ ನಮ್ಮ ಮನೆಗೆ ಬಂದರು. ತಂಗಿ ಯಾವಾಗಲೂ ಬಂದವಳೇ ಒಳಗೆ ಹೋಗಿ ಗಡಿಗೆಗೆ ಲೋಟ ಹಾಕುವವಳು. ಅವತ್ತು ಬಾಗಿಲ ಬಳಿ ಚಾಪೆಯ ಮೇಲೆ ಕೂತಳು. ನಾನು ನೀರು ತಂದುಕೊಟ್ಟೆ. ಯಾವ ನೀರೆಂದು ಕೇಳದೆ ಕುಡಿದು ಲೋಟ ಕೆಳಗಿಟ್ಟಳು.

ಕೊಟ್ಟ ಮೇಲೆ ನನಗೆ ಗೊತ್ತಾಯಿತು. ನಾನು ತಂದದ್ದು ಕ್ಯಾನಿನ ನೀರು.