ಹದಿನೇಳರ ಹುಡುಗಿಗೆ ಹಳದಿ ಕೋರೆ

ಬೆಳಗಿನ ಐದೂವರೆ. ಪೀತಮ್‌ಪುರದ ಮನೆಯೊಂದರ ಎರಡನೇ ಮಹಡಿಯ ಹಿಂದಿನ ಬಾಲ್ಕನಿಯಲ್ಲಿ ಹಂಸಾ ರಬ್ಬರ್ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಾರೆ. ದೆಹಲಿಯ ಮೇ ತಿಂಗಳು. ಬಿಸಿಲೇರಿದರೆ ಟ್ಯಾಂಕಿನ ನೀರು ಕಾದು, ಪ್ಲಾಸ್ಟರ್ ಬಟ್ಟಲಲ್ಲೇ ಕಲ್ಲಾಗಿಬಿಡುತ್ತದೆ. ಕಲಸಿದ್ದನ್ನು ಅಚ್ಚಿಗೆ ಸುರಿದು, ಗುಳ್ಳೆ ಹೋಗಲಿ ಅಂತ ಮೇಜನ್ನು ಅಂಗೈಯಿಂದ ದಡದಡ ತಟ್ಟುತ್ತಾರೆ. ಕೆಳಗಿನ ಮನೆಯವರು ಈ ಸದ್ದಿಗೇ ಏಳುತ್ತಾರಂತೆ.

ನಲವತ್ತೊಂಬತ್ತರ ಹಂಸಾ ಚಿತ್ರದುರ್ಗದವರು. ಡಾಕ್ಟರುಗಳು ಬಾಯಿಯ ಅಳತೆ ಕಳಿಸುತ್ತಾರೆ, ಇವರು ಕಟ್ಟುಹಲ್ಲು ಮಾಡಿ ಕಳಿಸುತ್ತಾರೆ. ದಿನಕ್ಕೆ ಆರು ಸೆಟ್ಟು, ಇಪ್ಪತ್ಮೂರು ವರ್ಷದಿಂದ. "ನಾ ಮಾಡಿದ ಹಲ್ಲಲ್ಲಿ ಊಟ ಮಾಡೋ ಒಬ್ಬರ ಮುಖವೂ ನಾ ನೋಡಿಲ್ಲ" ಎನ್ನುತ್ತಾರೆ. ಪತಿ ಬಸವಲಿಂಗಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. "ಮದುವೆ ಮನೆಗೆ ಹೋದ್ರೂ ಇವಳು ಜನರ ಬಾಯಿನೇ ನೋಡ್ತಾಳೆ ಕಣ್ರೀ, ಮಾನ ಹೋಗುತ್ತೆ" ಎಂದು ನಗುತ್ತಾರೆ.

ನಿಜ ಹೇಳಬೇಕೆಂದರೆ, ನಾನು ಬಂದದ್ದು ತಮಾಷೆಯ ಲೇಖನವೊಂದಕ್ಕೆ. ದೆಹಲಿಯಾಚೆ ಮಾನೇಸರ್ ಬಳಿಯ ಫಾರ್ಮ್‌ಹೌಸಿನಲ್ಲಿ ಹದಿಹರೆಯದವರ ಸಿನಿಮಾ ತಯಾರಾಗುತ್ತಿದೆ. ಹುಡುಗ ಹುಣ್ಣಿಮೆಗೆ ತೋಳವಾಗುತ್ತಾನೆ, ಹುಡುಗಿ ರಕ್ತ ಹೀರುತ್ತಾಳೆ, ಇಬ್ಬರಿಗೂ ಪ್ರೀತಿ. ಅವರ ಕೋರೆಹಲ್ಲು ಮಾಡಿದ್ದು ನಮ್ಮ ಕನ್ನಡದ ಹೆಂಗಸು ಅಂತ ಕೇಳಿ ಖುಷಿಯಿಂದ ಓಡಿಬಂದೆ. ಕೇಳಿದ ಕತೆಯೇ ಬೇರೆ.

ಸಿನಿಮಾದವರಿಂದ ಒಟ್ಟು ಹದಿನಾಲ್ಕು ಬಾಯಿಯ ಅಚ್ಚು ಬಂದಿದ್ದವು. ಕ್ಲಿನಿಕ್ಕಿನವರಾದರೆ ಹೆಸರು, ವಯಸ್ಸು ಬರೆದಿರುತ್ತಾರೆ. ಇಲ್ಲಿ 'ತೋಳ ಒಂದು', 'ಪಿಶಾಚಿ ಎರಡು' ಅಂತ ಚೀಟಿ, ಅಷ್ಟೇ! ವಯಸ್ಸು ಗೊತ್ತಿಲ್ಲದಿದ್ದರೆ ಹಂಸಾ ಹಲ್ಲಿನ ಸವೆತ ನೋಡಿ ಬಣ್ಣ ನಿರ್ಧರಿಸುತ್ತಾರೆ. ಸವೆದಷ್ಟೂ ವಯಸ್ಸು, ವಯಸ್ಸಾದಷ್ಟೂ ಹಳದಿ. "ಪಿಶಾಚಿ ಎರಡು ಸಿಕ್ಕಾಪಟ್ಟೆ ಸವೆದಿತ್ತು. ಯಾರೋ ಐವತ್ತೈದರ ಹೆಂಗಸು, ಪಿಶಾಚಿಗಳ ಅಜ್ಜಿ ಪಾರ್ಟ್ ಇರಬೇಕು ಅಂದ್ಕೊಂಡೆ. ಒಳ್ಳೆ ಹಳದಿ ಕೋರೆ ಮಾಡಿ ಕಳಿಸ್ದೆ."

ಮಾರನೆಯ ದಿನವೇ ಸಿನಿಮಾ ಕಂಪನಿಯ ಅಭಿಷೇಕ್ ಫೋನಿನಲ್ಲಿ ಕೂಗಾಡಿದ. "ಆಂಟಿ, ಯೇ ಕ್ಯಾ ಹೈ, ಏನಿದು? ಅವಳು ಹೀರೋಯಿನ್! ಹದಿನೇಳು ವರ್ಷ!"

ಹಂಸಾ ಫೋನಿಟ್ಟು ಅಚ್ಚನ್ನು ಮತ್ತೆ ಕೈಗೆತ್ತಿಕೊಂಡರು. ಮುಂದಿನ ಹಲ್ಲುಗಳ ಹೊರಮೈ ಹೊಸದರಂತಿದೆ. ಸವೆದಿರುವುದೆಲ್ಲ ಒಳಗಡೆ, ನಾಲಿಗೆ ತಾಗುವ ಕಡೆ. "ಅದು ಅಗಿದು ಸವೆದಿದ್ದಲ್ಲ. ಹೊಟ್ಟೆಯ ಹುಳಿ ತಿಂದಿದ್ದು. ದಿನಾ ವಾಂತಿ ಮಾಡೋರಿಗೆ ಹಾಗಾಗುತ್ತೆ."

ನಾನು ಕಾಫಿ ಲೋಟ ಕೆಳಗಿಟ್ಟೆ. ಅಯ್ಯೋ, ಇನ್ನೂ ಮಗು ಅದು! ಕ್ಯಾಮೆರಾದವರು, ಮೇಕಪ್ಪಿನವರು, ಐವತ್ತು ಜನ ದಿನವಿಡೀ ಅವಳ ಮುಖವನ್ನೇ ನೋಡುತ್ತಿದ್ದರಲ್ಲ, ಏನು ನೋಡುತ್ತಿದ್ದರು ಇವರೆಲ್ಲ?

ಹಲ್ಲು ಮಾಡುವವರು ಡಾಕ್ಟರ ಜೊತೆ ಮಾತ್ರ ಮಾತಾಡಬೇಕು, ಬಾಯಿಯ ಒಡೆಯರ ಜೊತೆಗಲ್ಲ. ಇದು ಕಸುಬಿನ ಕಟ್ಟಳೆ. ಹಂಸಾ ಇಪ್ಪತ್ಮೂರು ವರ್ಷ ಅದನ್ನು ಮುರಿದಿರಲಿಲ್ಲ. ಬಿಳಿಯ ಕೋರೆ ಮಾಡಿ, 'ಅಳತೆ ನಾನೇ ಕೂರಿಸಿ ನೋಡಬೇಕು' ಎಂದು ನೆಪ ಹೇಳಿ, ಮೆಟ್ರೋ ಹತ್ತಿ, ಆಟೋ ಹಿಡಿದು ಮಾನೇಸರ್‌ಗೆ ಹೋದರು.

"ಮೇಕಪ್ ವ್ಯಾನಲ್ಲಿ ನಾನು, ಆ ಹುಡುಗಿ ಇಬ್ಬರೇ. ಬೇಟಾ, ಊಟ ಮಾಡಿ ಕಕ್ಕಿಬಿಡ್ತೀಯಾ ಅಂತ ಹಿಂದೀಲಿ ಮೆತ್ತಗೆ ಕೇಳ್ದೆ. ಬಿಕ್ಕಿ ಬಿಕ್ಕಿ ಅತ್ಲು. ಮೊದಲನೇ ಆಡಿಷನ್ನಲ್ಲಿ ಯಾರೋ ಕೆನ್ನೆ ದಪ್ಪ ಅಂದ್ರಂತೆ. ಎರಡು ವರ್ಷದಿಂದ ಹೀಗೇ. ಈ ಸಿನಿಮಾದಲ್ಲಂತೂ ಬಿಳಿಚಿಕೊಂಡಿದಾಳೆ, ಪಿಶಾಚಿ ಅಂದ್ರೆ ಹೀಗಿರಬೇಕು ಅಂತ ಎಲ್ಲರೂ ಹೊಗಳಿದ್ದೇ ಹೊಗಳಿದ್ದು."

ಹೊಗಳಿದರಂತೆ! ಸಾಯುತ್ತಿರುವ ಹುಡುಗಿಗೆ ಚಪ್ಪಾಳೆ!

ಹಂಸಾ ಕೋರೆಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಡಾಕ್ಟರಿಗೆ ತೋರಿಸುವವರೆಗೂ ಕೊಡುವುದಿಲ್ಲ ಎಂದರು. "ಶೂಟಿಂಗಿಗೆ ಜೊತೆಗೆ ಬಂದಿದ್ದ ಅವಳ ತಾಯಿ ಮೊದಲು ನನಗೇ ಬೈದ್ರು, ಹಲ್ಲು ಮಾಡೋಳಿಗೆ ಇದೆಲ್ಲ ಯಾಕೆ ಅಂತ. ತಂದಿದ್ದ ಅಚ್ಚು ಕೈಗೆ ಕೊಟ್ಟು, ಹಲ್ಲಿನ ಒಳಗಡೆ ಬೆರಳಾಡಿಸಿ ನೋಡಿ ಅಂದೆ. ಅಲ್ಲೇ ವ್ಯಾನಿನ ಮೆಟ್ಟಿಲ ಮೇಲೆ ಕೂತ್ಬಿಟ್ರು, ಪಾಪ."

ಅಂದೇ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಲವಣ ಎಷ್ಟು ಇಳಿದಿತ್ತೆಂದರೆ, ಇನ್ನೊಂದು ವಾರ ಬಿಟ್ಟಿದ್ದರೆ ಹೃದಯವೇ ನಿಲ್ಲಬಹುದಿತ್ತು ಎಂದರಂತೆ ಡಾಕ್ಟರು. ಚಿತ್ರೀಕರಣ ಸದ್ಯಕ್ಕೆ ನಿಂತಿತು. ಹುಡುಗಿ ಎರಡು ತಿಂಗಳಿಂದ ಚಿಕಿತ್ಸೆಯಲ್ಲಿದ್ದಾಳೆ. ಒಂದು ದಿನ ಗೆದ್ದರೆ ಇನ್ನೊಂದು ದಿನ ಸೋಲುತ್ತಾಳೆ. ಹೆಸರು ಹಾಕದೆ ಬರೆಯಿರಿ, ಬೇರೆ ತಾಯಂದಿರೂ ಓದಲಿ ಎಂದು ಆ ತಾಯಿಯೇ ಒಪ್ಪಿಗೆ ಕೊಟ್ಟರು. ಕಂಪನಿ ಮಾತ್ರ ಸಿಟ್ಟಿಗೆ ಉಳಿದ ಕೋರೆಗಳನ್ನು ಬೇರೆಯವರಿಂದ ಮಾಡಿಸಿಕೊಂಡಿದೆ.

ಸಿನಿಮಾ ಬಂದರೆ ನೋಡುತ್ತೀರಾ ಎಂದು ಕೇಳುತ್ತೇನೆ. ಹಂಸಾ ಕೈಗಂಟಿದ ಪ್ಲಾಸ್ಟರ್ ಉಜ್ಜಿಕೊಳ್ಳುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಸಿನಿಮಾ ಯಾರಿಗೆ ಬೇಕು, ಬಿಡ್ರೀ. ಆ ಹುಡುಗಿ ಮುದುಕಿಯಾದಾಗ್ಲೂ ಸ್ವಂತ ಹಲ್ಲಲ್ಲಿ ಚಕ್ಕುಲಿ ಕಡೀಬೇಕು. ನನ್ನಂಥೋರ ಮೇಜಿಗೆ ಅವಳ ಅಚ್ಚು ಇನ್ನೊಂದ್ಸಲ ಬರಬಾರದು."