ಅರ್ಧ ನದಿ ಕೇಳಿದ ರಾಜಕುಮಾರಿ

ನಾನೂ ನನ್ನ ಅಣ್ಣನೂ ದಾವಣಗೆರೆಯ ಮನೆಯಲ್ಲಿ ಬೆಳೆದದ್ದು ಒಂದೇ ಇಂಗ್ಲಿಷ್ ಕಾದಂಬರಿ ಸರಣಿಯನ್ನು ಕಿತ್ತಾಡಿಕೊಂಡು ಓದುತ್ತ. ಏಳು ದಪ್ಪ ಪುಸ್ತಕ, ಬೇಕಾದಷ್ಟು ಡ್ರ್ಯಾಗನ್, ಹೇಳಿದ ಮಾತು ಕೇಳುವ ಒಂದು ನದಿ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದರಿಂದ ಅರ್ಥವಾದದ್ದಕ್ಕಿಂತ ಊಹಿಸಿದ್ದೇ ಜಾಸ್ತಿ. ನಮ್ಮ ನೆಂಟರಿಷ್ಟರಲ್ಲಿ ಮತ್ಯಾರಿಗೂ ಆ ಕಥೆ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಲು ಕೂತಿದ್ದೆ. ಮೊದಲನೇ ಡ್ರ್ಯಾಗನ್ ಮೊಟ್ಟೆಯೊಡೆಯುವ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿದ್ದರು.

ಮೊನ್ನೆ ಮೊನ್ನೆ ಅದೇ ಕಥೆ ಟೀವಿ ಸರಣಿಯಾಗಿ, ಕನ್ನಡಕ್ಕೆ ಡಬ್ ಆಗಿ, ವಾರಕ್ಕೊಂದು ಕಂತಿನಂತೆ ಬರತೊಡಗಿತು. ಈಗ ನಾನಿರುವುದು ಹರಿಹರದಲ್ಲಿ, ಗಂಡನ ಮನೆ. ಅಣ್ಣ ದಾವಣಗೆರೆಯಲ್ಲೇ ಇದ್ದಾನೆ. ಕಂತು ಮುಗಿಯುವುದೇ ತಡ, ಅವನ ಫೋನ್ ಬರುತ್ತಿತ್ತು.

"ನೋಡಿದೇನೆ? ಡ್ರ್ಯಾಗನ್ ಎಲ್ಲೈತೆ? ಬರೀ ಮೋಡ ತೋರಿಸ್ಯಾರೆ!"

ನಿಜವೇ. ಪುಸ್ತಕದ ಡ್ರ್ಯಾಗನ್ ರೆಕ್ಕೆ ಬಿಚ್ಚಿದರೆ ಇಡೀ ಊರಿಗೆ ನೆರಳಾಗುತ್ತಿತ್ತು. ಟೀವಿಯವರಿಗೆ ಖರ್ಚು ಹೆಚ್ಚಾಯಿತೇನೋ, ಅದು ಸದಾ ಮೋಡದ ಹಿಂದೆ ನಿಂತು ಕೆಮ್ಮುತ್ತಿತ್ತು. ಸೇನಾಪತಿ ಕತ್ತಿ ಹಿರಿದು ಡಬ್ಬಿಂಗಿನ ಕನ್ನಡದಲ್ಲಿ "ನಾನು ನಿಮ್ಮನ್ನು ಆಮೇಲೆ ಭೇಟಿಯಾಗುತ್ತೇನೆ" ಎಂದು ಗರ್ಜಿಸಿದ, ಬ್ಯಾಂಕಿನವರು ಊಟದ ಹೊತ್ತಿನಲ್ಲಿ ಹೇಳುವ ಹಾಗೆ. ಪುಸ್ತಕದಲ್ಲಿ ಒಂದು ಅಧ್ಯಾಯವಿಡೀ ಗಾಯದಿಂದ ನರಳುವ ರಾಜಕುಮಾರ ಇಲ್ಲಿ ಬೈತಲೆ ಕೆಡದಂತೆ ನರಳಿದ. ಅಲ್ಲಿಯವರೆಗೆ ನಾನೂ ಅಣ್ಣನ ಪಕ್ಷವೇ. ಇಬ್ಬರೂ ಸೇರಿ ಬೈಯುವುದರಲ್ಲಿ ಎಂಥ ಸುಖವಿತ್ತೆಂದರೆ, ಸರಣಿ ಚೆನ್ನಾಗಿ ಬಂದುಬಿಟ್ಟರೆ ಏನು ಗತಿ ಎಂದು ನನಗೆ ಭಯವಾಗುತ್ತಿತ್ತು.

ತಕರಾರು ಎದ್ದದ್ದು ರಾಜಕುಮಾರಿಯ ವಿಷಯಕ್ಕೆ. ಪುಸ್ತಕದಲ್ಲಿ ರಾಜ ಸತ್ತ ಮೇಲೆ ಅವನ ಮಗಳು ನದಿಯಲ್ಲಿ ಅರ್ಧ ಪಾಲು ಕೇಳುತ್ತಾಳೆ. ಅವಳ ಅಣ್ಣ, ಅದೇ ರಾಜಕುಮಾರ, ಕೊಡುವುದಿಲ್ಲ. ದುರಾಸೆಯವಳು ಎನ್ನಿಸಿಕೊಂಡು ಅವಳು ಕಾಡು ಸೇರಿ ಅಲ್ಲೇ ಸಾಯುತ್ತಾಳೆ. ಟೀವಿಯವರು ಅವಳಿಗೆ ಅರ್ಧ ನದಿ ಕೊಟ್ಟುಬಿಟ್ಟರು.

"ಇದ್ಯಾವ ನ್ಯಾಯ? ಬರೆದೋನು ಹಂಗ ಬರೆದಿಲ್ಲ. ಮೂಲದಾಗೆ ಹೆಂಗೈತೋ ಹಂಗ ಇರಬೇಕು," ಎಂದ ಅಣ್ಣ.

"ಮೂಲದಾಗೆ ಆಕಿ ಬಾಯಿ ಬಿಡೋದು ಒಂದೇ ಸಲ. ಆಕಿ ಕೆಟ್ಟೋಳು ಅನ್ನೋದೆಲ್ಲ ಅವರಣ್ಣ ಹೇಳಿದ್ದು. ಇಲ್ಲಿ ಆಕೀನೂ ಮಾತಾಡ್ತಾಳೆ, ಅಷ್ಟೇ."

ಅವನು ಪಟ್ಟನೆ ಫೋನಿಟ್ಟ. ಡ್ರ್ಯಾಗನ್ ವಿಷಯಕ್ಕೆ ಅವನು ಯಾವತ್ತೂ ಹಾಗೆ ಫೋನಿಟ್ಟವನಲ್ಲ.

ಮುಂದಿನ ಭಾನುವಾರ ಅಣ್ಣ, ಅತ್ತಿಗೆ ಇಬ್ಬರೂ ಹರಿಹರಕ್ಕೆ ಬಂದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಅತ್ತಿಗೆಯ ಕೈಯಲ್ಲಿ ರೇಷ್ಮೆ ಸೀರೆ. "ಬಾ, ಕೂಡ್ರು, ಉಡಿ ತುಂಬ್ತೀನಿ" ಎಂದು ಆಕೆಯೇ ಮಣೆ ಹಾಕಿದಳು. ತವರಿನವರು ಹೆಣ್ಣುಮಗಳ ಉಡಿ ತುಂಬುವುದು ಪ್ರೀತಿಗೆ, ಅದರಲ್ಲಿ ಎರಡು ಮಾತಿಲ್ಲ. ತುಂಬಿದ ಮೇಲೆ ಅವಳು ಇನ್ನೇನನ್ನೂ ಕೇಳಬಾರದು ಎಂಬುದು ಬಾಯಿಬಿಟ್ಟು ಹೇಳದ ಕರಾರು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಬಿದ್ದವು. ಅತ್ತಿಗೆ ಕುಂಕುಮ ಹಚ್ಚಿದಳು. ಅಣ್ಣ ಚೀಲದಿಂದ ಕಾಗದ ತೆಗೆದ.

ಅಪ್ಪ ಬಿಟ್ಟುಹೋದ ಆವರಗೆರೆಯ ಹೊಲದಲ್ಲಿ ನನಗೆ ಪಾಲು ಬೇಡ ಎಂದು ನಾನೇ ಸಂತೋಷದಿಂದ ಒಪ್ಪಿರುವುದಾಗಿ ಅದರಲ್ಲಿ ಟೈಪಾಗಿತ್ತು. ಜೋಳ ಬೆಳೆಯುತ್ತಿದ್ದಾಗ ಆ ಹೊಲ ಯಾರಿಗೂ ನೆನಪಾಗುತ್ತಿರಲಿಲ್ಲ. ಈಗ ಪೇಟೆ ಅಲ್ಲಿಗೇ ಬಂದು ಅಕ್ಕಪಕ್ಕದಲ್ಲೆಲ್ಲ ಸೈಟಿನ ಕಲ್ಲು ನೆಟ್ಟಿದೆ.

"ಎಲ್ಲಾರ ಮನ್ಯಾಗೂ ಹೆಣ್ಮಕ್ಳು ಸೈನ್ ಹಾಕ್ತಾರೆ. ಮೊದ್ಲಿಂದ ನಡ್ಕಂಡು ಬಂದೈತೆ," ಎಂದ.

"ಮೂಲದಾಗೆ ಹೆಂಗೈತೋ ಹಂಗ ಇರಬೇಕು, ಅಲ್ಲೇನಣ್ಣ?"

ಅವನ ಮುಖ ಕೆಂಪಾಯಿತು. "ಅದು ಕಥೆ, ಇದು ಮನೆ. ಅದನ್ನ ಇಲ್ಲಿ ತರಬ್ಯಾಡ."

"ನನ್ನ ಪಾಲು ನನಗೆ ಬೇಕು," ಎಂದೆ.

ದುಡ್ಡಿಗಲ್ಲ, ಸ್ವಾಭಿಮಾನಕ್ಕೆ ಎಂದು ದೊಡ್ಡ ಮಾತಾಡಬಹುದಿತ್ತು. ದುಡ್ಡಿಗೂ ಹೌದು. ಆದರೆ ಒಂದು ಮಾತೂ ಕೇಳದೆ ನನ್ನ ಸಂತೋಷವನ್ನು ಟೈಪ್ ಮಾಡಿಸಿ ತಂದಿದ್ದಕ್ಕೆ ಮೈಯೆಲ್ಲ ಉರಿಯಿತು. ಸೆರಗಿನಲ್ಲಿ ಅಕ್ಕಿ ಹಿಡಿದು ಕೂತಿದ್ದರಿಂದ ಎದ್ದು ಹೋಗಿ ಧಡಾರನೆ ಬಾಗಿಲು ಹಾಕಿಕೊಳ್ಳುವ ಭಾಗ್ಯವೂ ನನಗಿರಲಿಲ್ಲ. ಆ ಭಾಗ್ಯ ಅಣ್ಣನಿಗೆ ಸಿಕ್ಕಿತು. ಅತ್ತಿಗೆ ಒಲೆಯ ಮೇಲಿದ್ದ ಸಾರಿನ ಕಡೆ ಒಮ್ಮೆ ನೋಡಿ, ಊಟ ಮಾಡದೆ ಅವನ ಹಿಂದೆ ಹೋದಳು.

ಆಮೇಲೆ ಅವನ ಫೋನ್ ಬರಲಿಲ್ಲ. ವಕೀಲರ ಫೋನ್ ಬಂತು. ಕೊನೆಗೆ ಕಾನೂನು ನನ್ನ ಕಡೆಗಿದೆ ಎಂದು ಅವನಿಗೂ ತಿಳಿದು ಅರ್ಧ ಹೊಲ ನನ್ನ ಹೆಸರಿಗಾಯಿತು. ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದೆವು. ಹಿಂದಿನ ದಿನವಷ್ಟೇ ಬಂದ ಕಂತಿನಲ್ಲಿ ಯುದ್ಧವನ್ನು ಎಷ್ಟು ಹದಗೆಡಿಸಿದ್ದರೆಂದರೆ, ಬಾಯಿ ಬಿಡದೆ ಕೂರುವುದು ಇಬ್ಬರಿಗೂ ಕಷ್ಟವಾಗಿತ್ತು. ಆದರೂ ಇಬ್ಬರೂ ಹಾಗೇ ಕೂತೆವು.

ಕೊನೆಯ ಕಂತನ್ನು ಒಬ್ಬಳೇ ನೋಡಿದೆ. ನದಿ ಪಾಲಾದದ್ದೇ ಮರೆತವನಂತೆ ರಾಜಕುಮಾರ ಮೊಣಕಾಲುದ್ದದ ನೀರಿಗಿಳಿದು ಬಂದು ತಂಗಿಯನ್ನು ಅಪ್ಪಿಕೊಂಡ. ಹತ್ತಾರು ಪಿಟೀಲು ಒಟ್ಟಿಗೆ ಅತ್ತವು. ನಾನೂ ಅತ್ತೆ, ಸಿಟ್ಟಿನಿಂದ. ಪುಸ್ತಕದಲ್ಲಿ ಆ ಅಣ್ಣ ತಂಗಿ ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಪುಸ್ತಕವೇ ಸರಿ, ನೀನು ಹೇಳಿದ್ದೇ ನಿಜ ಎಂದು ಜನ್ಮದಲ್ಲಿ ಮೊದಲ ಸಲ ಅಣ್ಣನಿಗೆ ಹೇಳಬೇಕೆನಿಸಿತು. ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು, ಅವನು ಎತ್ತಲಿಲ್ಲ.